ಹಲ್ಲು ತೆಗೆದ ಯಂತ್ರದಲ್ಲಿ ಕೌದಿ

ಕೈಗಾರಿಕಾ ಕ್ರಾಂತಿಯ ಪಾಠ ನಿಮಗೆ ನೆನಪಿರಬಹುದು. ಹಾರುವ ಲಾಳಿ, ನೂಲುವ ಜೆನ್ನಿ, ಉಗಿಯಂತ್ರ ಎಂದು ನಾಲ್ಕು ಹೆಸರುಗಳನ್ನು ಕಂಠಪಾಠ ಮಾಡಿಸುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು. ಪಠ್ಯಪುಸ್ತಕದಲ್ಲಿ ಹೊಲಿಗೆ ಯಂತ್ರಕ್ಕೆ ದೊರೆತದ್ದು ಹೆಚ್ಚೆಂದರೆ ಅರ್ಧ ಸಾಲು. ಆದರೆ ನಮ್ಮ ಮನೆಗಳೊಳಕ್ಕೆ, ಅದರಲ್ಲಿಯೂ ಹೆಣ್ಣುಮಕ್ಕಳ ಕೈಗೆ ಬಂದ ಮೊದಲ ಯಂತ್ರ ಅದೇ. ಜೆನ್ನಿಯನ್ನು ನಾನಾಗಲಿ ನೀವಾಗಲಿ ಕಣ್ಣಿನಿಂದ ಕಂಡವರಲ್ಲ. ಹೊಲಿಗೆ ಯಂತ್ರದ ಸದ್ದು ಕೇಳದೆ ಬೆಳೆದವರು ನಮ್ಮಲ್ಲಿ ಯಾರೂ ಇರಲಾರರು.

ನಿವೃತ್ತಿಯಾದ ಮೇಲೆ ನಾನು ಯಂತ್ರದಲ್ಲಿ ಕೌದಿ ಹೊಲಿಯಲು ಕಲಿಯುತ್ತಿದ್ದೇನೆಂಬ ಸುದ್ದಿ ಕೆಲವರಿಗೆ ತಲುಪಿದೆ. "ಈ ವಯಸ್ಸಿನಲ್ಲಿ ಯಾಕೆ?" ಎಂದು ಬಂಧುಗಳೂ, "ಕೌದಿಯನ್ನು ಯಂತ್ರದಲ್ಲಿ ಹೊಲಿದರೆ ಅದು ಕೌದಿಯೇ?" ಎಂದು ಹಳೆಯ ವಿದ್ಯಾರ್ಥಿನಿಯೊಬ್ಬಳೂ ಕೇಳಿದ್ದಾರೆ. ಮೊದಲ ಪ್ರಶ್ನೆಗೆ ಉತ್ತರದ ಅಗತ್ಯವಿಲ್ಲ. ಎರಡನೆಯದು ನಿಜವಾದ ಪ್ರಶ್ನೆ. ಅದಕ್ಕೆ ಉತ್ತರಿಸಬೇಕಾದರೆ ಯಂತ್ರದ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ಫ್ರಾನ್ಸಿನ ಬಾರ್ತೆಲೆಮಿ ತಿಮೊನಿಯೆ ಎಂಬ ಬಡ ದರ್ಜಿ 1830ರಲ್ಲಿ ಹೊಲಿಗೆ ಯಂತ್ರವೊಂದಕ್ಕೆ ಹಕ್ಕುಪತ್ರ ಪಡೆದನು. ಅದರ ಸೂಜಿ ನಮ್ಮ ಸೂಜಿಯಂತೆ ಇರಲಿಲ್ಲ, ತುದಿಯಲ್ಲಿ ಕೊಕ್ಕೆಯಿದ್ದ ಸೂಜಿ. ಆ ಕಾಲದ ಫ್ರೆಂಚ್ ಹೆಂಗಸರು ದುಂಡನೆಯ ಚೌಕಟ್ಟಿಗೆ ಬಟ್ಟೆ ಬಿಗಿದು ಕೊಕ್ಕೆಯಿಂದ ಸರಪಳಿ ಹೊಲಿಗೆ ಹಾಕುತ್ತಿದ್ದರು. ಆ ವಿದ್ಯೆ ಯೂರೋಪಿಗೆ ಹೋದದ್ದು ಭಾರತದಿಂದ, ಹದಿನೆಂಟನೆಯ ಶತಮಾನದಲ್ಲಿ. ಇಂದು ಮದುವೆ ರವಿಕೆಗೆ ಹಾಕಿಸುವ ಆರಿ ಕೆಲಸ, ನಮ್ಮ ಊರುಗಳಲ್ಲಿ 'ಮಗ್ಗದ ವರ್ಕ್' ಎನ್ನುತ್ತಾರಲ್ಲ, ಅದೇ ಕೊಕ್ಕೆ. ಹಾಗಾಗಿ ಹೊಲಿಗೆ ಯಂತ್ರದ ಅಜ್ಜಿಯ ಮನೆ ಹಿಂದೂಸ್ಥಾನ ಎಂದು ನಾನು ತರಗತಿಯಲ್ಲಿ ತಮಾಷೆಯಾಗಿ ಹೇಳುವುದುಂಟು. ತಿಮೊನಿಯೆ ಪ್ಯಾರಿಸ್ಸಿನಲ್ಲಿ ಎಂಬತ್ತು ಯಂತ್ರಗಳನ್ನಿಟ್ಟು ಸೈನಿಕರ ಸಮವಸ್ತ್ರ ಹೊಲಿಸತೊಡಗಿದನು. 1831ರಲ್ಲಿ ಅಲ್ಲಿನ ದರ್ಜಿಗಳು ನುಗ್ಗಿ ಅವುಗಳನ್ನು ಒಡೆದು ಹಾಕಿದರು. ಅನ್ನ ಹೋಗುತ್ತದೆಂಬ ಭಯ ಅವರದು. ಅವರನ್ನು ಮೂರ್ಖರೆಂದು ಬರೆಯುವ ಪುಸ್ತಕಗಳಿವೆ. ನನಗೆ ಹಾಗೆ ತೋರುವುದಿಲ್ಲ.

ಮುಂದೆ ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ತುದಿಯಲ್ಲಿ ಕಣ್ಣಿರುವ ಸೂಜಿಯನ್ನೂ ಕೆಳಗೆ ಓಡಾಡುವ ಲಾಳಿಯನ್ನೂ ಜೋಡಿಸಿ ಎರಡು ದಾರದ ಹೊಲಿಗೆಗೆ ಹಕ್ಕು ಪಡೆದನು. 1851ರಲ್ಲಿ ಐಸಾಕ್ ಸಿಂಗರ್ ಬಂದನು. ಇವರಿಬ್ಬರ ಹೆಸರು ಎಲ್ಲರಿಗೂ ಗೊತ್ತು. ನನ್ನ ಕಥೆಗೆ ಬೇಕಾದವನು ಮೂರನೆಯವನು, ಆಲನ್ ವಿಲ್ಸನ್. ಹೋವನ ಯಂತ್ರದಲ್ಲಿ ಬಟ್ಟೆಯನ್ನು ಮುಳ್ಳುಗಳಿರುವ ಪಟ್ಟಿಗೆ ನೇತುಹಾಕಬೇಕಾಗಿತ್ತು, ಪಟ್ಟಿಯ ಉದ್ದದಷ್ಟು ನೇರ ಹೊಲಿಗೆ ಆದೊಡನೆ ನಿಲ್ಲಿಸಿ ಮತ್ತೆ ನೇತುಹಾಕಬೇಕು. ವಿಲ್ಸನ್ 1854ರಲ್ಲಿ ಸೂಜಿಯ ಕೆಳಗೆ ಗರಗಸದಂಥ ಉಕ್ಕಿನ ಹಲ್ಲುಗಳನ್ನಿಟ್ಟನು. ಹಲ್ಲು ಮೇಲೇಳುತ್ತದೆ, ಬಟ್ಟೆಯನ್ನು ಕಚ್ಚಿ ಹಿಂದಕ್ಕೆ ತಳ್ಳುತ್ತದೆ, ಕೆಳಗಿಳಿಯುತ್ತದೆ, ಮೊದಲ ಜಾಗಕ್ಕೆ ಮರಳುತ್ತದೆ. ಈ ನಾಲ್ಕು ಚಲನೆ ಇಂದಿಗೂ ನಿಮ್ಮ ಮನೆಯ ಯಂತ್ರದಲ್ಲಿ ಹಾಗೆಯೇ ಇದೆ. ಪ್ಲೇಟಿನ ಸೀಳುಗಳಲ್ಲಿ ಇಣುಕಿ ನೋಡಿದರೆ ಕಾಣುತ್ತದೆ.

ಆ ದಿನದಿಂದ ಬಟ್ಟೆ ನಡೆಸುವ ಕೆಲಸ ಕೈಯಿಂದ ಹಲ್ಲಿಗೆ ಹೋಯಿತು. ಹೊಲಿಗೆಯ ಉದ್ದ ಎಷ್ಟಿರಬೇಕು, ದಿಕ್ಕು ಯಾವುದು ಎಂಬುದೆಲ್ಲ ಯಂತ್ರದ ತೀರ್ಮಾನ, ನಾವು ದಾರಿ ತೋರಿಸುವವರು ಮಾತ್ರ. ಅಂಗಿ, ಲಂಗ, ಚೀಲಕ್ಕೆ ಇದು ವರವೇ ಸರಿ.

ಭಾರತಕ್ಕೆ ಸಿಂಗರ್ ಯಂತ್ರ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹರಡಿತು. ಹರಡಿಸಿದವನು ನಸರ್ವಾನ್‌ಜಿ ಮೆರ್ವಾನ್‌ಜಿ ಪಟೇಲ ಎಂಬ ಪಾರ್ಸಿ, ಮುಂಬಯಿಯಲ್ಲಿ ಕುಳಿತು ದೇಶದುದ್ದಕ್ಕೂ ಏಜೆಂಟರನ್ನಿಟ್ಟವನು. ಕಂತಿನ ಮೇಲೆ ವಸ್ತು ಕೊಳ್ಳುವ ಅಭ್ಯಾಸವನ್ನು ನಮ್ಮ ದರ್ಜಿಗಳಿಗೆ ಕಲಿಸಿದ್ದರಲ್ಲಿ ಈ ಯಂತ್ರದ ಪಾಲು ದೊಡ್ಡದು. 1930ರ ದಶಕದಲ್ಲಿ ಕಲ್ಕತ್ತೆಯ ಜಯ್ ಇಂಜಿನಿಯರಿಂಗ್ ಕಾರ್ಖಾನೆಯಿಂದ 'ಉಷಾ' ಹೊರಬಂದಿತು. ಯಂತ್ರಗಳನ್ನು ಅಷ್ಟು ಸಂಶಯದಿಂದ ನೋಡುತ್ತಿದ್ದ ಗಾಂಧೀಜಿಯವರು ಕೂಡ 1924ರಲ್ಲಿ ಜಿ. ರಾಮಚಂದ್ರನ್ ಅವರೊಡನೆ ಮಾತನಾಡುತ್ತ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಹೊಲಿದು ಹೊಲಿದು ಬಳಲುವುದನ್ನು ನೋಡಲಾರದೆ ಸಿಂಗರ್ ಪ್ರೀತಿಯಿಂದ ಅದನ್ನು ಕಂಡುಹಿಡಿದನೆಂಬುದು ಅವರ ನಂಬಿಕೆಯಾಗಿತ್ತು. ಚರಿತ್ರೆಯ ಮೇಷ್ಟರಾಗಿ ಹೇಳಲೇಬೇಕು: ಸಿಂಗರ್ ಹಲವು ಹೆಂಗಸರೊಡನೆ ಸಂಸಾರ ಹೂಡಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳ ತಂದೆಯಾದವನು, ಹಣಕ್ಕಾಗಿಯೇ ಯಂತ್ರ ಮಾಡಿದವನು. ಆದರೂ ಯಂತ್ರದ ಬಗ್ಗೆ ಗಾಂಧೀಜಿ ಹೇಳಿದ ಮಾತಿನಲ್ಲಿ ಸತ್ಯವಿದೆ. ಅದು ಒಬ್ಬಳ ಕೈಕಾಲಿನ ಅಳತೆಯ ಯಂತ್ರ, ಮನೆಯ ಮೂಲೆಯಲ್ಲಿ ನಿಲ್ಲುವಂಥದು.

ಈಗ ಕೌದಿಯ ವಿಷಯ. ನಾನು ಕೆಲಸ ಮಾಡಿದ ತಾಲ್ಲೂಕುಗಳು ಚನ್ನಗಿರಿ, ಹೊನ್ನಾಳಿ, ಜಗಳೂರು. 1997ಕ್ಕೆ ಮೊದಲು ಇವು ಒಂದೇ ಜಿಲ್ಲೆಯಲ್ಲಿರಲಿಲ್ಲ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು. ನ್ಯಾಮತಿ ಆಗ ಹೊನ್ನಾಳಿಯ ಹೋಬಳಿ, ತಾಲ್ಲೂಕಾದದ್ದು 2018ರಲ್ಲಿ. ಹೊದಿಕೆಯ ದೃಷ್ಟಿಯಿಂದಲೂ ಇವು ಬೇರೆ ಬೇರೆ ಲೋಕಗಳು. ಜಗಳೂರಿನ ಬಯಲಿನಲ್ಲಿ ಕುರಿ ಹೆಚ್ಚು, ಹಾಗಾಗಿ ಗಂಡಸಿನ ಹೆಗಲ ಮೇಲೆ ಕಂಬಳಿ. ಮನೆಯೊಳಗೆ ಮಕ್ಕಳಿಗೆ, ಬಾಣಂತಿಗೆ ಮಾತ್ರ ಕೌದಿ. ಚನ್ನಗಿರಿಯ ಅಡಿಕೆ ತೋಟಗಳ ಕಡೆಗೆ ಮಾಗಿಯ ಥಂಡಿಗೆ ಕೌದಿಯ ಮೇಲೊಂದು ಕೌದಿ. ಹಾಸಲೂ ಅದೇ, ಹೊದೆಯಲೂ ಅದೇ.

ಅವ್ವನ ಹಳೆಯ ಸೀರೆ, ಅಪ್ಪನ ಪಂಚೆ, ಹರಿದ ಅಂಗಿಯ ಗಟ್ಟಿ ಉಳಿದ ಬೆನ್ನು, ಇವನ್ನು ಪದರಪದರವಾಗಿ ಹರಡಿ, ಮೇಲೆ ತೇಪೆಗಳನ್ನು ಜೋಡಿಸಿ, ಅಂಚಿನಿಂದ ಒಳಕ್ಕೆ ಸಾಲುಸಾಲಾಗಿ ಓಡುಹೊಲಿಗೆ ಹಾಕಿದರೆ ಕೌದಿ. ಬಂಗಾಳದ ಕಾಂಥಾ, ಮಹಾರಾಷ್ಟ್ರದ ಗೋಧಡಿ ಇದರ ಅಕ್ಕತಂಗಿಯರು. ವಿರಕ್ತರ ತೇಪೆಯ ಬಟ್ಟೆಗೆ ನಮ್ಮಲ್ಲಿ ಕಂಥೆ ಎನ್ನುತ್ತಿದ್ದರು, ಬಂಗಾಳದ ಹೆಸರು ಬಂದದ್ದೂ ಆ ಸಂಸ್ಕೃತ ಪದದಿಂದಲೇ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿ ಹೆಂಗಸರ ಕೌದಿಗಳು ಇಂದು ವಿದೇಶದ ವಸ್ತುಸಂಗ್ರಹಾಲಯಗಳವರೆಗೆ ಹೋಗಿವೆ. ಅವರು ಮೂಲೆಗಳಿಗೆ ತ್ರಿಕೋನದ ತೇಪೆಗಳನ್ನು ಹೂವಿನಂತೆ ಇಡುತ್ತಾರೆ, ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ನಮ್ಮ ಕಡೆಯ ಕೌದಿಗೆ ಇಂಥ ಕೀರ್ತಿ ಬಂದಿಲ್ಲ. ಹೊಲಿದವರ ಹೆಸರನ್ನು ಯಾರೂ ಬರೆದಿಟ್ಟಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ಶರಣರಿದ್ದರು. ಸೂಜಿಯ ಕೆಲಸ ಹೆಸರಿನ ಭಾಗವಾಗಿ ಉಳಿದ ಗೌರವ ಅವರದು. ಕೌದಿ ಹೊಲಿದ ಅವ್ವಂದಿರಿಗೆ ಅದೂ ದೊರೆಯಲಿಲ್ಲ.

ಲೆಕ್ಕ ಹಾಕಿ ನೋಡೋಣ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಕೌದಿ. ಸಾಲಿನಿಂದ ಸಾಲಿಗೆ ಅರ್ಧ ಇಂಚು ಅಂತರವೆಂದರೆ 96 ಸಾಲುಗಳು, ಒಟ್ಟು 576 ಅಡಿ. ಇಂಚಿಗೆ ನಾಲ್ಕು ಹೊಲಿಗೆಯೆಂದರೂ ಇಪ್ಪತ್ತೇಳೂವರೆ ಸಾವಿರಕ್ಕಿಂತ ಹೆಚ್ಚು ಸಲ ಸೂಜಿ ಬಟ್ಟೆಯನ್ನು ಹೊಕ್ಕು ಹೊರಬರಬೇಕು, ಅದೂ ನಾಲ್ಕೈದು ಪದರಗಳ ಮೂಲಕ. ಇದನ್ನೆಲ್ಲ ಅವರು ಮಾಡಿದ್ದು ಹೊಲದ ಕೆಲಸ, ಅಡುಗೆ, ಮಕ್ಕಳು ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ.

ಯಂತ್ರ ಮನೆಗೆ ಬಂದ ಮೇಲೂ ಕೌದಿ ಕೈಯಲ್ಲಿಯೇ ಉಳಿಯಿತೇಕೆ? ವಿಲ್ಸನ್ನನ ಹಲ್ಲುಗಳೇ ಕಾರಣವೆಂಬುದು ನನ್ನ ಅಭಿಪ್ರಾಯ. ಹಲ್ಲು ಕಚ್ಚುವುದು ಕೆಳಗಿನ ಪದರವನ್ನು ಮಾತ್ರ. ಮೇಲಿನ ಪದರವನ್ನು ಫುಟ್ ಒತ್ತಿ ಹಿಡಿದಿರುತ್ತದೆ. ಕೆಳಗಿನದು ಮುಂದೆ ಸರಿದು ಮೇಲಿನದು ಹಿಂದುಳಿಯುತ್ತದೆ. ಐದು ಪದರವಿದ್ದರೆ ನಾಲ್ಕು ಸಾಲು ಹೊಲಿಯುವಷ್ಟರಲ್ಲಿ ಸುಕ್ಕು. ಜೊತೆಗೆ ಪ್ರತಿ ತಿರುವಿನಲ್ಲಿಯೂ ಇಡೀ ಕೌದಿಯನ್ನು ಯಂತ್ರದ ಸಣ್ಣ ಕತ್ತಿನೊಳಗೆ ತಿರುಗಿಸಬೇಕು. ಕೈಸೂಜಿಗೆ ಈ ತೊಂದರೆಯಿಲ್ಲ, ಅದು ಬಟ್ಟೆ ಇದ್ದಲ್ಲಿಗೆ ತಾನೇ ಹೋಗುತ್ತದೆ.

ಇದಕ್ಕೆ ಪರಿಹಾರವೂ ಹಳೆಯದೇ. ಹಲ್ಲನ್ನು ತೆಗೆದುಬಿಡುವುದು. ಬಟ್ಟೆಯನ್ನು ರಿಂಗಿಗೆ ಬಿಗಿದು, ಹಲ್ಲು ಇಳಿಸಿ, ಫುಟ್ ಕಳಚಿ, ಕಾಲಿನಿಂದ ತುಳಿಯುತ್ತ ಹೂಬಳ್ಳಿ ತೆಗೆಯುವ ಯಂತ್ರ ಕಸೂತಿಯನ್ನು ಸಿಂಗರ್ ಕಂಪನಿಯೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪುಸ್ತಕ ಅಚ್ಚು ಹಾಕಿಸಿ ಕಲಿಸಿತು. ನಮ್ಮ ಊರುಗಳ ಮಹಿಳಾ ಮಂಡಲಗಳ ಹೊಲಿಗೆ ತರಗತಿಗಳಲ್ಲಿ ದಿಂಬಿನ ಚೀಲದ ಮೇಲೆ ನವಿಲು ಬಿಡಿಸುತ್ತಿದ್ದ ಅಕ್ಕಂದಿರು ಮಾಡುತ್ತಿದ್ದುದು ಇದನ್ನೇ. ಅಮೆರಿಕದಲ್ಲಿ ಇದೇ ವಿದ್ಯೆಯನ್ನು ಪದರದ ಹೊದಿಕೆಗೆ ಬಳಸಿದವರು ಬಹುಕಾಲ ತಾತ್ಸಾರಕ್ಕೆ ಗುರಿಯಾದರು, ಕೈಯಲ್ಲಿ ಹೊಲಿದದ್ದೇ ನಿಜವಾದದ್ದೆಂದು. 1989ರಲ್ಲಿ ಕೆಂಟಕಿಯ ಪಡೂಕಾದ ದೊಡ್ಡ ಪ್ರದರ್ಶನದಲ್ಲಿ ಕ್ಯಾರಿಲ್ ಬ್ರೈಯರ್ ಫ್ಯಾಲರ್ಟ್ ಎಂಬಾಕೆಯ ಯಂತ್ರದ ಹೊಲಿಗೆಯ ಕೃತಿಗೆ ಮೊದಲ ಬಾರಿಗೆ ಅತ್ಯುನ್ನತ ಬಹುಮಾನ ಬಂದಾಗ ಅಲ್ಲಿ ಸಾಕಷ್ಟು ವಾದವಿವಾದವಾಯಿತು. ನನ್ನ ವಿದ್ಯಾರ್ಥಿನಿ ಕೇಳಿದ್ದು ಅದೇ ಪ್ರಶ್ನೆ, ಬೇರೆ ಭಾಷೆಯಲ್ಲಿ.

ನನಗೆ ಕಲಿಸಿದವನು ನ್ಯಾಮತಿಯಲ್ಲಿ ಯಂತ್ರ ದುರಸ್ತಿಯ ಅಂಗಡಿಯಿಟ್ಟಿರುವ ಹಳೆಯ ವಿದ್ಯಾರ್ಥಿ. ಸಮಾಜ ವಿಜ್ಞಾನದಲ್ಲಿ ಮೂವತ್ತೈದು ದಾಟಿದವನಲ್ಲ, ಕೈ ಮಾತ್ರ ಚಿನ್ನ. ಬೆಂಗಳೂರಿನ ಗಾರ್ಮೆಂಟ್ಸ್ ಒಂದರಿಂದ ಹರಾಜಿಗೆ ಬಂದ ಕಾರ್ಖಾನೆಯ ಯಂತ್ರವನ್ನು ಅವನು ತಂದಿದ್ದನು. ಯಾವ ಕಂಪನಿಯದಾದರೂ ಇವಕ್ಕೆಲ್ಲ 'ಜೂಕಿ ಮೆಷಿನ್' ಎಂದೇ ಹೆಸರು. ಇದು ನಿಮಿಷಕ್ಕೆ ನಾಲ್ಕೂವರೆ ಸಾವಿರ ಹೊಲಿಗೆ ಹಾಕುವ ಪ್ರಾಣಿ. ಇಂಚಿಗೆ ಆರು ಹೊಲಿಗೆಯಂತೆ ಕೌದಿ ಹೊಲಿಯಬೇಕಾದರೆ ಆ ವೇಗದಲ್ಲಿ ನನ್ನ ಕೈ ಸೆಕೆಂಡಿಗೆ ಒಂದು ಅಡಿಗಿಂತ ಹೆಚ್ಚು ಓಡಬೇಕು! ಅವನು ಹಳೆಯ ಮೋಟಾರು ತೆಗೆದು ವೇಗ ಇಳಿಸಬಹುದಾದ ಸರ್ವೋ ಮೋಟಾರು ಕೂರಿಸಿದನು, ಸಣ್ಣ ಪುಲ್ಲಿ ಹಾಕಿದನು, ನಿಮಿಷಕ್ಕೆ ಆರುನೂರಕ್ಕೆ ತಂದನು. ಆಗ ಕೈ ಸೆಕೆಂಡಿಗೆ ಒಂದೂಮುಕ್ಕಾಲು ಇಂಚಿನಷ್ಟು ನಡೆದರೆ ಸಾಕು. ಅರವತ್ತು ದಾಟಿದವರಿಗೂ ಸಾಧ್ಯವಾಗುವ ನಡಿಗೆ.

"ಮೇಡಂ, ಇನ್ನು ಹಲ್ಲು ಕೀಳೋದು" ಎಂದು ಪ್ಲೇಟಿನ ಎರಡು ತಿರುಪು ಬಿಚ್ಚಿ, ಅದರಡಿಯ ಹಲ್ಲಿನ ತಿರುಪು ಬಿಚ್ಚಿ ನನ್ನ ಅಂಗೈಯಲ್ಲಿಟ್ಟನು. ಬೆರಳಿನ ಒಂದು ಗೆಣ್ಣಿನಷ್ಟು ಉಕ್ಕು. 1854ರಿಂದ ಲೋಕದ ಬಟ್ಟೆಯನ್ನೆಲ್ಲ ನಡೆಸುತ್ತಿರುವುದು ಇಷ್ಟು.

ಫುಟ್ ಇಲ್ಲದೆ ದಪ್ಪ ಕೌದಿ ಹೊಲಿಯಲಾಗದು. ಸೂಜಿ ಮೇಲೇಳುವಾಗ ಬಟ್ಟೆಯೂ ಜೊತೆಗೆ ಎದ್ದು, ಕೆಳಗಿನ ಕೊಕ್ಕೆಗೆ ದಾರ ಸಿಗದೆ ಹೊಲಿಗೆ ತಪ್ಪುತ್ತದೆ. ಅದಕ್ಕಾಗಿ ಅವನು ಸೈಕಲ್ಲಿನ ಕಡ್ಡಿಯನ್ನು ಬಗ್ಗಿಸಿ ಉಂಗುರದಂಥ ಫುಟ್ ಮಾಡಿ, ಬಾಲ್‌ಪೆನ್ನಿನ ಸ್ಪ್ರಿಂಗ್ ತೊಡಿಸಿ, ಬಟ್ಟೆಯನ್ನು ಸೂಜಿ ಇಳಿದ ಕ್ಷಣ ಮಾತ್ರ ಒತ್ತುವಂತೆ ಹೊಂದಿಸಿದನು. ಕೌದಿಯ ಭಾರ ಜೋತುಬಿದ್ದರೆ ಸೂಜಿ ಬಾಗುತ್ತದೆ. ಆದ್ದರಿಂದ ಎಡಕ್ಕೂ ಹಿಂದಕ್ಕೂ ಹಲಗೆ ಜೋಡಿಸಿ ಮೇಜನ್ನು ಅಗಲ ಮಾಡಿದನು. ಬೆರಳು ಜಾರದಿರಲು ಬ್ಯಾಂಕಿನವರು ನೋಟು ಎಣಿಸಲು ತೊಡುವ ರಬ್ಬರು ಟೊಪ್ಪಿಗೆ. ವೇಗ ಇಳಿಸಿದ ಮೇಲೆ ಯಂತ್ರದೊಳಗಿನ ಎಣ್ಣೆ ತಾನಾಗಿ ಮೇಲೇರುವುದಿಲ್ಲವೆಂದು ದಿನಕ್ಕೊಮ್ಮೆ ಕೈಯಿಂದ ಎಣ್ಣೆ ಬಿಡುವ ಪಾಠವೂ ಆಯಿತು. ಇನ್ನೊಂದು ಪಾಠ ಮುಖ್ಯವಾದುದು. ಒತ್ತುವ ಫುಟ್ ಇಲ್ಲವೆಂದು ಅದರ ಹಿಡಿಯನ್ನು ಎತ್ತಿಯೇ ಇಡಬಾರದು. ಹಿಡಿ ಕೆಳಗಿದ್ದಾಗ ಮಾತ್ರ ಮೇಲಿನ ದಾರ ಬಿಗಿಯಾಗುತ್ತದೆ, ಇಲ್ಲವಾದರೆ ಕೆಳಗೆ ದಾರ ಹಕ್ಕಿಗೂಡಿನಂತೆ ಗಂಟಾಗುತ್ತದೆ.

ಹಲ್ಲಿಲ್ಲದ ಯಂತ್ರ ವಿಚಿತ್ರ ಅನುಭವ. ಸೂಜಿ ಇದ್ದಲ್ಲೇ ಕುಟ್ಟುತ್ತಿರುತ್ತದೆ. ಕೈ ನಿಂತರೆ ಹೊಲಿಗೆಯೂ ನಿಲ್ಲುತ್ತದೆ, ಒಂದೇ ತೂತಿನಲ್ಲಿ. ಕೈ ಓಡಿದರೆ ಹೊಲಿಗೆ ಉದ್ದವಾಗುತ್ತದೆ, ಎಳೆದರೆ ಸೂಜಿ ಮುರಿಯುತ್ತದೆ. ಮುಂದೆ, ಹಿಂದೆ, ಓರೆ, ಸುತ್ತು, ಎಲ್ಲ ದಿಕ್ಕೂ ಒಂದೇ. ಕಾಲು ಒಂದು ತಾಳ, ಕೈ ಇನ್ನೊಂದು, ಎರಡೂ ಕೂಡಬೇಕು. ಮೊದಲ ಹದಿನೈದು ದಿನ ಹಳೆಯ ಗೋಣಿಯ ಮೇಲೆ ಸ, ರ, ಠ ಬರೆದೆ. ಕನ್ನಡ ಅಕ್ಷರ ದುಂಡಗಿರುವುದು ಈ ವಿದ್ಯೆಗೆ ಬಹಳ ಅನುಕೂಲ. ಸೀಮೆಸುಣ್ಣ ಹಿಡಿದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದ ತೋಳಿಗೆ ಇಲ್ಲಿ ವ್ಯತ್ಯಾಸವೊಂದೇ: ಸುಣ್ಣ ನಿಂತಿದೆ, ಬೋರ್ಡನ್ನು ಆಡಿಸಬೇಕು.

ಆರು ಹೊಲಿಗೆಯ ಲೆಕ್ಕದಲ್ಲಿ ಮೇಲೆ ಹೇಳಿದ ಕೌದಿಗೆ ಸುಮಾರು 41,500 ಹೊಲಿಗೆ, ಯಂತ್ರದ ಗಡಿಯಾರದಲ್ಲಿ ಎಪ್ಪತ್ತು ನಿಮಿಷ. ಪದರ ಹರಡಿ ಕಚ್ಚಾ ಹೊಲಿಗೆ ಹಾಕುವುದು, ಬಾಬಿನ್ ಬದಲಿಸುವುದು, ಬೆನ್ನು ನೋವಿಗೆ ಎದ್ದು ಕೂರುವುದು ಸೇರಿ ನನಗೆ ಮೂರು ದಿನ. ಅದೇ ಅಂಗಡಿಯಲ್ಲಿ ಕೆಲಸ ಮಾಡುವ ಇಬ್ಬರು ಹುಡುಗಿಯರು ಒಂದೇ ದಿನದಲ್ಲಿ ಮುಗಿಸುತ್ತಾರೆ. ಅವರು ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿದ್ದು 2020ರ ಕೊರೊನಾ ಕಾಲದಲ್ಲಿ ತಾಂಡಾಕ್ಕೆ ಮರಳಿದವರು. ಅಲ್ಲಿ ವರ್ಷಗಟ್ಟಲೆ ಅಂಗಿಯ ಕಾಲರು ಮಾತ್ರ, ಅಥವಾ ತೋಳು ಮಾತ್ರ ಹೊಲಿದವರು. ಇಲ್ಲಿ ಅದೇ ಯಂತ್ರದಲ್ಲಿ, ಹಲ್ಲು ತೆಗೆದ ಮೇಲೆ, ಒಂದು ಇಡೀ ವಸ್ತುವನ್ನು ಮೊದಲಿನಿಂದ ಕೊನೆಯವರೆಗೆ ತಾವೇ ಮಾಡುತ್ತಾರೆ. ಯಂತ್ರ ಕೈಕೆಲಸವನ್ನು ಕೊಂದಿತೆಂದು ನಾವು ಬರೆಯುವ ಚರಿತ್ರೆಯಲ್ಲಿ ಈ ಇಬ್ಬರಿಗೆ ಜಾಗವೆಲ್ಲಿ? ನಮ್ಮ ಕಡೆ ಕೌದಿಯನ್ನು ಕೊಲ್ಲುತ್ತಿರುವುದು ಹೊಲಿಗೆ ಯಂತ್ರವಲ್ಲ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಪಾಲಿಯೆಸ್ಟರ್ ರಗ್ಗು, ಮತ್ತು ಹಳೆಯದಾದರೂ ಮೆತ್ತಗಾಗದ ಪಾಲಿಯೆಸ್ಟರ್ ಸೀರೆ.

ಆ ಹುಡುಗಿಯರ ತಾಂಡಾ ನ್ಯಾಮತಿ ತಾಲ್ಲೂಕಿನದು. ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು ಪ್ರತಿ ಫೆಬ್ರುವರಿಯಲ್ಲಿ ಸೇರುವ ಸೂರಗೊಂಡನಕೊಪ್ಪವೂ ಅದೇ ತಾಲ್ಲೂಕಿನಲ್ಲಿದೆ. ಲಂಬಾಣಿ ಕಸೂತಿಯ ಹೆಸರು ಕೇಳಿದೊಡನೆ ಎಲ್ಲರೂ ಸಂಡೂರನ್ನು ನೆನೆಯುತ್ತಾರೆ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯಲ್ಲಿ ಅಲ್ಲಿನ ಹೆಂಗಸರ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಕನ್ನಡಿ, ಕವಡೆ ಕೂರಿಸುವ ಆ ಕೆಲಸವನ್ನು ಯಂತ್ರದಲ್ಲಿ ಮಾಡೋಣವೇ ಎಂದು ಹುಡುಗಿಯರನ್ನು ಕೇಳಿದೆ. ಇಬ್ಬರೂ ಒಟ್ಟಿಗೆ ತಲೆಯಲ್ಲಾಡಿಸಿದರು. ಕನ್ನಡಿ ಕೈಯದೇ ಆಗಬೇಕಂತೆ. ಯಂತ್ರಕ್ಕೆ ಎಲ್ಲಿಯವರೆಗೆ ಎಂಬ ಗೆರೆಯನ್ನು ಅವರು ಯಾವ ಪುಸ್ತಕವನ್ನೂ ಓದದೆ ಎಳೆದಿದ್ದಾರೆ.

ಯಂತ್ರದ ಕೌದಿಯಲ್ಲಿ ಕಳೆದುಹೋಗುವುದೂ ಇದೆ, ಅದನ್ನು ಮುಚ್ಚಿಡಬಾರದು. ಕೈಕೌದಿಯ ಸುತ್ತ ನಾಲ್ವರು ಕೂರುತ್ತಿದ್ದರು, ಊರಿನ ಸುದ್ದಿಯೆಲ್ಲ ಅಲ್ಲಿ ಹೊಲಿಯಲ್ಪಡುತ್ತಿತ್ತು. ಯಂತ್ರದ ಮುಂದೆ ಒಬ್ಬಳಿಗೇ ಜಾಗ, ಸದ್ದಿನಲ್ಲಿ ಮಾತೂ ಕೇಳದು. ಎರಡು ದಾರದ ಬಿಗಿ ಹೊಲಿಗೆಯಿಂದ ಕೌದಿ ಹಲಗೆಯಂತೆ ಸೆಟೆಯುತ್ತದೆ, ಕೈಹೊಲಿಗೆಯ ಮೆದು ಬರುವುದಿಲ್ಲ.

ಇನ್ನೂ ಒಂದು ಕೊರತೆಯನ್ನು ಕಂಡವರು ಜಗಳೂರಿನ ಕಡೆಯ ಒಬ್ಬ ಅಜ್ಜಿ. ನನ್ನ ಎರಡನೆಯ ಕೌದಿಯ ಹೂಬಳ್ಳಿಯನ್ನು ಅವರು ನೋಡಲೇ ಇಲ್ಲ. ತಿರುಗಿಸಿ ಹಿಂಬದಿಯನ್ನು ಉಗುರಿನಿಂದ ಕೆದಕಿ, "ಮೇಡಮ್ಮಾರೇ, ಇದನ್ನ ಬಿಚ್ಚೋದು ಹೆಂಗೆ?" ಎಂದರು. ಕೌದಿ ಸವೆದರೆ ಮೇಲಿನ ಪದರ ಬಿಚ್ಚಿ, ಒಳಗಿನ ಗಟ್ಟಿ ಬಟ್ಟೆ ಉಳಿಸಿ, ಹೊಸ ಸೀರೆ ಹೊದಿಸಿ ಮತ್ತೆ ಹೊಲಿಯುವುದು ಪದ್ಧತಿ. ಓಡುಹೊಲಿಗೆಯ ದಾರ ಒಂದು ತುದಿಯಿಂದ ಎಳೆದರೆ ಬರುತ್ತದೆ. ಯಂತ್ರದ ಹೊಲಿಗೆ ಹಾಗೆ ಬರುವುದಿಲ್ಲ, ಬ್ಲೇಡು ಹಾಕಿದರೆ ಹಳೆಯ ಸೀರೆಯೂ ಹರಿಯುತ್ತದೆ.

ನ್ಯಾಮತಿಗೆ ಹೋಗಿ ಈ ಪ್ರಶ್ನೆಯನ್ನು ಮುಂದಿಟ್ಟಾಗ ನನ್ನ ಗುರು-ಶಿಷ್ಯನು ತುಸು ಯೋಚಿಸಿ ಮೇಲಿನ ದಾರದ ಬಿಗಿಯನ್ನು ಬಹಳ ಸಡಿಲ ಮಾಡಿದನು. ಆಗ ಬಾಬಿನ್ನಿನ ದಾರ ಬಟ್ಟೆಯೊಳಗೆ ಏರದೆ ಹಿಂಬದಿಯಲ್ಲಿ ನೇರ ಗೆರೆಯಾಗಿ ಮಲಗುತ್ತದೆ, ಅದರ ತುದಿ ಹಿಡಿದು ಎಳೆದರೆ ಸಾಲು ಪೂರ್ತಿ ಬಿಚ್ಚಿಕೊಳ್ಳುತ್ತದೆ. ದರ್ಜಿಗಳ ಲೆಕ್ಕದಲ್ಲಿ ಇದು ಕಳಪೆ ಹೊಲಿಗೆ. "ಇದನ್ನ ಯಾರಿಗೂ ನಾನು ಮಾಡಿಕೊಟ್ಟೆ ಅನ್ಬೇಡಿ ಮೇಡಂ" ಎಂದು ಅವನು ಕೇಳಿಕೊಂಡಿದ್ದಾನೆ, ಹಾಗಾಗಿ ಹೆಸರು ಬರೆಯುತ್ತಿಲ್ಲ. ಈಗ ನಾಲ್ಕು ಅಂಚುಗಳಿಗೆ ಮಾತ್ರ ಬಿಗಿ ಹೊಲಿಗೆ, ನಡುವೆಲ್ಲ ಸಡಿಲ. ಕೌದಿಗೆ ಮೆದುವೂ ಸ್ವಲ್ಪ ಮರಳಿತು. ಮೂರನೆಯದನ್ನು ಅಜ್ಜಿಗೆ ತೋರಿಸಿದೆ. ಅವರು ಒಂದು ಸಾಲನ್ನು ನನ್ನೆದುರಿಗೇ ಸರ್ರನೆ ಬಿಚ್ಚಿ ನೋಡಿ, ದಾರವನ್ನು ಬೆರಳಿಗೆ ಸುತ್ತಿಕೊಂಡು, ಆ ಸಾಲನ್ನು ತಮ್ಮ ಕೈಸೂಜಿಯಿಂದ ಮತ್ತೆ ಹೊಲಿದುಕೊಟ್ಟರು.